ಏಳನೇ ನಂಬರಿನ ಡಬ್ಬಿ

ಗಂಡನ ಶವಸಂಸ್ಕಾರ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ, ಇಸ್ತ್ರಿಯವನು ಹೋದ ವಾರ ಒಯ್ದಿದ್ದ ಐದು ಶರ್ಟುಗಳನ್ನು ತಂದುಕೊಟ್ಟ. ಕಪಾಟಿನಲ್ಲಿ ಅವನ ಶರ್ಟುಗಳ ಖಾನೆಯ ತಳಕ್ಕೆ ಕೈ ತಾಗದ ಹಾಗೆ ಅವಳು ಅವನ್ನು ಒಳಗಿಟ್ಟಳು. ತಿರುಗುವಷ್ಟರಲ್ಲಿ ವೈರಾಣು ಸಂಶೋಧನಾಲಯದ ನಿರ್ದೇಶಕರು ಬಾಗಿಲಲ್ಲಿದ್ದರು. ಅವರ ಕೈಯಲ್ಲಿ ಟೈಪು ಮಾಡಿದ ಒಂದು ದೂರು.

ಅವಳ ಗಂಡ ಅಲ್ಲಿ ಪ್ರೊಫೆಸರನಾಗಿದ್ದ. ಹೊಸ ಜ್ವರವೊಂದರ ವೈರಾಣುವನ್ನು ಮೊದಲ ಸಲ ಬೆಳೆಸಿದವನೆಂದು ಹೆಸರು; ಅದರ ಬಗ್ಗೆ ಬರೆದ ಒಂದೇ ಪ್ರಬಂಧದಿಂದ ಮೂವತ್ತೇಳನೇ ವಯಸ್ಸಿಗೆ ಆ ಕುರ್ಚಿ. ಆ ಮೊದಲ ವೈರಾಣುವಿನ ಒಂದು ಸೀಸೆ ಬೇಕೆಂದು ಬೇರೆ ದೇಶದ ಸಂಶೋಧನಾಲಯ ಐದು ತಿಂಗಳಿಂದ ಕೇಳುತ್ತಿತ್ತು. ಕೊಡೋಣ, ಕೊಡೋಣ ಎನ್ನುತ್ತಲೇ ಅವನು ಒಂದು ದಿನ ಎದೆ ಹಿಡಿದುಕೊಂಡು ಕುಸಿದಿದ್ದ. ನಿನ್ನೆ ಫ್ರೀಜರ್ ತೆಗೆದರೆ ಆ ಸೀಸೆಗಳಿದ್ದ ಏಳನೇ ನಂಬರಿನ ಡಬ್ಬಿಯೇ ಇಲ್ಲ.

ಕದ್ದವಳು ಯಾರೆಂದು ನಿರ್ದೇಶಕರಿಗೆ ಅನುಮಾನವೇ ಇರಲಿಲ್ಲ. ವೈರಾಣು ಬೆಳೆಸಿದ್ದು ತಾನೆಂದು ಎರಡು ವರ್ಷದ ಹಿಂದೆ ಗಲಾಟೆ ಮಾಡಿ, ಪ್ರಯೋಗದ ನೋಟ್‌ಬುಕ್ ತೋರಿಸು ಅಂದಾಗ ತೋರಿಸಲಾಗದೆ ಕೆಲಸ ಕಳೆದುಕೊಂಡ ಸಂಶೋಧಕಿ. ಮೂರು ದಿನದ ಹಿಂದೆ ಸಂಶೋಧನಾಲಯದ ಸಂತಾಪಸಭೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದಳಂತೆ. ದೂರಿಗೆ ಹೆಂಡತಿಯ ಸಹಿ ಬಿದ್ದರೆ ಪೊಲೀಸರು ಇವತ್ತೇ ಹಿಡಿಯುತ್ತಾರೆ.

"ಚಿಕ್ಕಮ್ಮನ್ನ ಒಂದ್ಮಾತು ಕೇಳ್ಬಿಟ್ಟು ಹಾಕ್ತೀನಿ" ಎಂದಳು ಅವಳು.

ಚಿಕ್ಕಮ್ಮ ಯಾರಿಗೂ ಚಿಕ್ಕಮ್ಮನಲ್ಲ. ಇಪ್ಪತ್ತಾರು ವರ್ಷದಿಂದ ಸಂಶೋಧನಾಲಯದ ಶೀತಕೋಣೆ ನೋಡಿಕೊಳ್ಳುತ್ತ, ಅದರ ಹಿತ್ತಲಿನ ಎರಡು ಕೋಣೆಯಲ್ಲೇ ಬದುಕಿದವಳು. ಲ್ಯಾಬಿನ ಸ್ಪಿರಿಟ್ಟು ಕುಡಿಯುತ್ತಿದ್ದವನನ್ನು ಬಾಯಿ ಮೂಸದೆಯೇ ಹಿಡಿದುಕೊಟ್ಟವಳು. ಅಲ್ಲಿ ಏನು ಕಳೆದರೂ ಮೊದಲು ಅವಳನ್ನೇ ಕೇಳುವುದು ವಾಡಿಕೆ.

ಶೀತಕೋಣೆಯಲ್ಲಿ ದಪ್ಪ ಕೈಗವಸು ಕೊಡುವ ಮುಂಚೆ ಚಿಕ್ಕಮ್ಮ ಅವಳಿಂದ ಚೀಟಿ ಬರೆಸಿಕೊಂಡಳು. ಇಲ್ಲಿ ಯಾರು ಯಾರ ಮೇಜಿನಿಂದ ಏನು ತೆಗೆದುಕೊಂಡರೂ ಚೀಟಿ, ವಸ್ತು ಹಿಂದೆ ಬಂದರೆ ಚೀಟಿಯೂ ಹಿಂದಕ್ಕೆ. ನಿರ್ದೇಶಕರಿಗೂ ಬಿಟ್ಟಿಲ್ಲವೆಂದು ಹೇಳಿ ಫ್ರೀಜರಿನ ಬಾಗಿಲು ತೆಗೆದಳು. ಏಳನೇ ಜಾಗದಲ್ಲಿ ಬೆರಳುದಪ್ಪ ಹಿಮ. ಚಮಚದಿಂದ ಕೆತ್ತಿದಾಗ ಹಿಂದೆ ಅಂಟಿಕೊಂಡಿದ್ದ ಒಂದು ಸೀಸೆ ಸಿಕ್ಕಿತು. ಅದರ ಸುತ್ತ ಹಸಿರು ಬಟ್ಟೆಪಟ್ಟಿ, ಪಟ್ಟಿಯ ಮೇಲೆ ಪೆನ್ಸಿಲಿನ ತಾರೀಕು.

"ಸರ್ ಯಾವುದ್ರಲ್ಲಿ ಬರೀತಿದ್ರು, ತಾಯಿ?"

ಮಾರ್ಕರಿನಲ್ಲಿ. ಅಡುಗೆಮನೆಯ ಡಬ್ಬಿಗಳ ಮೇಲೂ ಅವನದು ಮಾರ್ಕರೇ.

ಆಮೇಲೆ ಚಿಕ್ಕಮ್ಮ, ಬಿಸಿಹಬೆಯಲ್ಲಿ ವೈರಾಣು ಕೊಲ್ಲುವ ಯಂತ್ರದ ದಾಖಲೆ ಪುಸ್ತಕ ತಿರುವಿ ಒಂದು ಪುಟ ಮಡಚಿದಳು. ತಲೆ ಎತ್ತದೆ ಕೇಳಿದಳು: "ಆ ಹುಡುಗಿ ನಿಮ್ಮ ಮನೆಗೆ ಯಾವತ್ತಾದ್ರೂ ಫೋನ್ ಮಾಡಿದ್ಲಾ?"

"ನೆನಪಿಲ್ಲ."

ಚೆನ್ನಾಗಿ ನೆನಪಿತ್ತು. ಆ ಚಳಿಯಲ್ಲೂ ಅವಳ ಕಿವಿ ಬಿಸಿಯಾದವು.

ಮಧ್ಯಾಹ್ನ ನಿರ್ದೇಶಕರ ಕೋಣೆಯಲ್ಲಿ ನಾಲ್ಕೇ ಜನ. ಕರೆಸಿಕೊಂಡಿದ್ದ ಸಂಶೋಧಕಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಚಿಕ್ಕಮ್ಮ ಸೀಸೆಯನ್ನು ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಒಂದೊಂದಾಗಿ ಬಿಡಿಸಿದಳು. ಮೂರು ದಿನದಲ್ಲಿ ಬೆರಳುದಪ್ಪ ಹಿಮ ಕೂರುವುದಿಲ್ಲ. ಡಬ್ಬಿ ಹೋಗಿ ತಿಂಗಳುಗಳೇ ಆಗಿವೆ. ಪಟ್ಟಿಗಳನ್ನು ಒಬ್ಬೊಬ್ಬರಿಗೆ ಒಂದೊಂದು ಬಣ್ಣದಲ್ಲಿ ಹಂಚುವವಳು ತಾನೇ. ಹಸಿರು ಈ ಹುಡುಗಿಯದು. ಪೆನ್ಸಿಲಿನಲ್ಲಿ ಬರೆಯುತ್ತಿದ್ದವಳೂ ಅವಳೊಬ್ಬಳೇ, ಸ್ಪಿರಿಟ್ಟಿಗೆ ಅಳಿಸುವುದಿಲ್ಲವೆಂದು. ಸೀಸೆಯ ತಾರೀಕು, ವೈರಾಣು ಮೊದಲು ಬೆಳೆಯಿತೆಂದು ಪ್ರೊಫೆಸರರು ಪ್ರಬಂಧದಲ್ಲಿ ಕೊಟ್ಟ ತಾರೀಕಿಗಿಂತ ಹನ್ನೊಂದು ದಿನ ಹಿಂದಿನದು. ಹೊರದೇಶದ ಕಾಗದ ಬಂದ ವಾರವೇ ಯಂತ್ರಕ್ಕೆ 'ಹಳೇ ಡಬ್ಬಿ ಒಂದು' ಹಾಕಿದ್ದಾಗಿ ದಾಖಲೆಯಿದೆ, ಪ್ರೊಫೆಸರರ ಕೈಬರಹದಲ್ಲೇ. ಬೇರೆ ದಿನ ಪ್ರೊಫೆಸರುಗಳು ಯಾರೂ ಆ ಯಂತ್ರ ಮುಟ್ಟುವುದಿಲ್ಲ, ಅದು ಸಹಾಯಕರ ಕೆಲಸ.

"ಕದ್ದಿದ್ದಲ್ಲ ಸರ್, ಬೇಯಿಸಿದ್ದು" ಎಂದಳು ಚಿಕ್ಕಮ್ಮ. "ಈ ಹಸಿರು ಪಟ್ಟಿ ಹೊರಗಿನವರ ಕಣ್ಣಿಗೆ ಬೀಳಬಾರದಿತ್ತು. ಒಂದು ಸೀಸೆ ಜಾರಿ ಹಿಂದೆ ಬಿದ್ದಿದ್ದು ಅವರಿಗೆ ಕಾಣಲಿಲ್ಲ."

ನಿರ್ದೇಶಕರು ದೂರಿನ ಹಾಳೆಯನ್ನು ಮಗುಚಿಟ್ಟು, ಇಷ್ಟಾದರೂ ನೋಟ್‌ಬುಕ್ ಇಲ್ಲದೆ ಯಾರೂ ಒಪ್ಪುವುದಿಲ್ಲ, ನೋಡಲು ಒಯ್ದಿದ್ದನ್ನು ಹಿಂದೆ ಕೊಟ್ಟೆನೆಂದು ಪ್ರೊಫೆಸರರು ಆಗಲೇ ಹೇಳಿದ್ದರಲ್ಲ ಎಂದರು.

"ಕೊಟ್ಟಿದ್ರೆ ಚೀಟಿ ಇವಳ ಹತ್ರ ಯಾಕೆ ಉಳೀತು?" ಎಂದಳು ಚಿಕ್ಕಮ್ಮ.

ಸಂಶೋಧಕಿ ಪರ್ಸಿನಿಂದ ಮಡಿಸಿದ ಚೀಟಿ ತೆಗೆದಳು. ಅಂದೂ ಇದನ್ನು ತೋರಿಸಿದ್ದಳು; ಕೆಲಸದ ಗಡಿಬಿಡಿಯಲ್ಲಿ ಪ್ರೊಫೆಸರರು ಚೀಟಿ ಹಿಂದೆ ಪಡೆಯಲು ಮರೆತಿರಬಹುದೆಂದು ಇದೇ ಕೋಣೆಯಲ್ಲಿ ನಗಾಡಿದ್ದರು.

"ನೋಟ್‌ಬುಕ್ ಎಲ್ಲಿದೆ ಅನ್ನೋದು ನಂಗೆ ಗೊತ್ತಿಲ್ಲ" ಎಂದಳು ಚಿಕ್ಕಮ್ಮ. ಯಾರ ಕಡೆಗೂ ನೋಡಲಿಲ್ಲ. ಪ್ರೊಫೆಸರನ ಹೆಂಡತಿಯನ್ನು ಅದೇ ಹೆಚ್ಚು ಚುಚ್ಚಿತು.

ಅವಳು ಎದ್ದು ನಿಂತಳು. "ನಮ್ಮನೇಲಿದೆ. ಶರ್ಟುಗಳ ಕೆಳಗೆ. ಈ ಹುಡುಗಿ ಮೂರು ಸಲ ಫೋನ್ ಮಾಡಿದಾಗ, ಇಲ್ಲ ಅಂದಿದ್ದು ನಾನೇ."

ಗಂಡ ಹಾಗೆ ಹೇಳು ಎಂದಿದ್ದ, ಹೇಳಿದ್ದಳು. ಯಾಕೆಂದು ಕೇಳಿರಲಿಲ್ಲ. ಬಡ್ತಿ ಬಂದ ದಿನ, ಆ ಹುಡುಗಿಯ ಅಳುಕುದನಿಯನ್ನು ಅಣಕಿಸಿ ಅವನನ್ನು ನಗಿಸಿದ್ದಳು ಕೂಡ. ಅದನ್ನು ಮಾತ್ರ ಯಾರ ಮುಂದೆಯೂ ಹೇಳಲಾಗಲಿಲ್ಲ.

ಸಂಜೆಯೊಳಗೆ ನೋಟ್‌ಬುಕ್ ತಂದಳು. ಬೆನ್ನಿಗೆ ಹಸಿರು ಪಟ್ಟಿ, ಒಳಗೆಲ್ಲ ಪೆನ್ಸಿಲ್. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಸಂಶೋಧಕಿ ತೆರೆದು ನೋಡಲಿಲ್ಲ. "ಮನೇಲೇ ಇದೆ ಅಂತ ಗೊತ್ತಿತ್ತಕ್ಕ. ಮೂರನೇ ಸಲ ನೀವು ಇಲ್ಲ ಅನ್ನೋವಾಗ, ಹಿಂದೆ ಯಾರೋ ಪುಟ ತಿರುಗಿಸ್ತಿದ್ರು."

ಆಮೇಲೆ ಪದ್ಧತಿಯಂತೆ ಚೀಟಿಯನ್ನು ಅವಳ ಕೈಗಿಟ್ಟಳು. ಮಡಿಕೆಯಲ್ಲಿ ಸವೆದಿದ್ದರೂ ಗಂಡನ ಅಕ್ಷರ ಸ್ಪಷ್ಟವಾಗಿತ್ತು: 'ನೋಟ್‌ಬುಕ್ ಒಂದು. ಎರಡು ದಿನಕ್ಕೆ.'