ಅವಳನ್ನು ಕೇಳದೆ ಮಾಡಿದ ಒಪ್ಪಂದ

"ಬಿಡಿ ಆ ಮಕ್ಕಳನ್ನು! ಈಗಲೇ ಬಿಡಿ!"

ದೀಪ್ತಿ ಕೂಗಿದ್ದು ಕನ್ನಡದಲ್ಲಿ. ಸಿಟ್ಟು ಬಂದರೆ ಅವಳ ಇಂಗ್ಲಿಷ್ ಮೊದಲು ಓಡಿಹೋಗುತ್ತಿತ್ತು.

ಕಾರಿಡಾರಿನ ಕೊನೆಯಲ್ಲಿದ್ದ ಆ ಗಂಡಸು ಬಿಡಲಿಲ್ಲ. ಎರಡು ಕೈಯಲ್ಲಿ ಇಬ್ಬರು ವಿದ್ಯಾರ್ಥಿಗಳ ಕಾಲರ್ ಹಿಡಿದಿದ್ದ. ಒಬ್ಬನ ಮೂಗಿನಿಂದ ರಕ್ತ ಸುರಿದು ಬಿಳಿ ಅಂಗಿಯೆಲ್ಲ ಕೆಂಪಾಗಿತ್ತು.

ಮಕ್ಕಳಿಗೆ ಬಡಿಯುವ ಮೇಷ್ಟ್ರುಗಳನ್ನು ಅವಳು ಉಡುಪಿಯಲ್ಲಿ ಸಾಕಷ್ಟು ಕಂಡಿದ್ದಳು. ದುಬೈಗೆ ಬಂದ ಮೇಲೂ ಕಾಣಬೇಕೇ...?

ಅವಳ ಕೈಯಲ್ಲಿದ್ದದ್ದು ಅಮೆರಿಕದ ಇತಿಹಾಸ. ಮೊದಲ ವಲಸೆಗಾರರಿಂದ ಹಿಡಿದು ಮೊನ್ನೆ ಮೊನ್ನೆಯವರೆಗಿನ ಸಮಸ್ತ ವಿಷಯವನ್ನೂ ತುಂಬಿಕೊಂಡ, ಇಟ್ಟಿಗೆಯಂಥ ಪುಸ್ತಕ. ಬೀಸಿ ಎಸೆದಳು.

ರಟ್ಟಿನ ಮೂಲೆ ಹೋಗಿ ಅವನ ಹುಬ್ಬಿಗೆ ಬಡಿಯಿತು. ಹುಬ್ಬು ಒಡೆಯಿತು. ಮಕ್ಕಳಿಬ್ಬರೂ ಜಗಳ ಮರೆತು, ಟೀಚರನ್ನು ಹೊಸ ಗೌರವದಿಂದ ನೋಡಿದರು.

"ಟೀಚರ್..." ಅವನು ಕಣ್ಣಿಗಿಳಿಯುತ್ತಿದ್ದ ರಕ್ತವನ್ನು ಅಂಗೈಯಲ್ಲಿ ಒತ್ತಿ ಹಿಡಿದ. ಅಪ್ಪಟ ಮಂಗಳೂರು ಕನ್ನಡ! "ಇವರಿಬ್ರು ಹೊಡೆದಾಡಿಕೊಳ್ತಿದ್ರು. ನಾನು ಬಿಡಿಸ್ಲಿಕ್ಕೆ ಬಂದದ್ದು ಮಾರಾಯ್ತಿ!"

ದೀಪ್ತಿಯ ಕಿವಿ ಬಿಸಿಯಾಯಿತು. ಅಯ್ಯೋ ದೇವರೇ... ಸೇರಿ ಒಂದು ವಾರವೂ ಆಗಿಲ್ಲವಲ್ಲ!

ಶಾಲೆಯ ನರ್ಸ್ ಪಟ್ಟಿ ಕಟ್ಟುವ ಮೊದಲು ಕೇಳಿದಳು, ಯಾರಾದರೂ ಹೊಡೆದರಾ ಎಂದು. ಹೊಡೆತದ ಗಾಯವೆಂದರೆ ಪೊಲೀಸರಿಗೆ ಹೇಳಬೇಕಾಗುತ್ತದೆ. ಬಾಗಿಲಲ್ಲಿ ನಿಂತಿದ್ದ ದೀಪ್ತಿ ಕಣ್ಣು ಮುಚ್ಚಿಕೊಂಡಳು.

"ಬಾಗಿಲು ತಾಗಿತು," ಎಂದ ಅವನು. ಹೆಸರು ಕ್ಲೈವ್ ಲೋಬೊ. ದೊಡ್ಡ ತರಗತಿಗಳಿಗೆ ಇತಿಹಾಸ ಕಲಿಸುವವನು.

ದೀಪ್ತಿ ಸೇರಿದ್ದು ಜೀವಶಾಸ್ತ್ರ ಕಲಿಸಲು. ಆದರೆ ಅಲ್ ಬರ್ಷಾದ ಆ ಅಮೆರಿಕನ್ ಸಿಲೆಬಸ್ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಇತಿಹಾಸದ ಟೀಚರ್ ನಡುವರ್ಷದಲ್ಲಿ ಕೆಲಸ ಬಿಟ್ಟಿದ್ದಳು. ಕಪ್ಪೆ ಕೊಯ್ಯಲು ಬಂದವಳು ಕಾಂಗ್ರೆಸ್ಸು, ಸೆನೆಟ್ಟು ಎಂದು ಬಾಯಿಪಾಠ ಮಾಡುವ ಗತಿಗೆ ಬಂದಳು.

"ನಾನು ಹೇಳಿಕೊಡ್ತೇನೆ," ಎಂದ ಕ್ಲೈವ್. "ಒಂದೇ ಷರತ್ತು. ಪುಸ್ತಕ ನನ್ನ ಹತ್ತಿರ ಇರಬೇಕು."

ಅವಳು ನಕ್ಕಳು. ಆ ನಗು ಅವನ ಎದೆಯಲ್ಲಿ ಎಲ್ಲೋ ಹೋಗಿ ಕೂತಿತು. ಕೂತದ್ದು ಏಳಲಿಲ್ಲ.

ಶಾಲೆ ಬಿಟ್ಟ ಮೇಲೆ ಮೆಟ್ರೋ ಸ್ಟೇಷನ್ನಿನ ಪಕ್ಕದ ಕೆಫೆಟೇರಿಯದಲ್ಲಿ ಪಾಠ. ಎರಡು ಕಡಕ್ ಚಹಾ, ನಡುವೆ ಒಂದು ಖಂಡ.

ಕ್ಲೈವ್ ಮೆತ್ತಗಿನ ಸ್ವರದಲ್ಲಿ ಭಯಂಕರ ವಿಷಯಗಳನ್ನು ಹೇಳುತ್ತಿದ್ದ. ಮೊದಲು ಬಂದಿಳಿದವರು ಚಳಿಗಾಲದಲ್ಲಿ ಹಸಿದು ನಾಯಿ ತಿಂದದ್ದು, ಚಪ್ಪಲಿ ಬೇಯಿಸಿ ತಿಂದದ್ದು. ಹತ್ತಿಯ ಹೊಲದಲ್ಲಿ ಬೆನ್ನಿನ ಚರ್ಮ ಸುಲಿಯುವ ಚಾಟಿ. ಅಣ್ಣ ತಮ್ಮಂದಿರು ಎದುರುಬದುರು ನಿಂತ ಯುದ್ಧದಲ್ಲಿ, ಡೇರೆಯ ಹೊರಗೆ ರಾಶಿ ಬಿದ್ದ ಕತ್ತರಿಸಿದ ಕಾಲುಗಳು.

"ಚೆರೋಕೀ ಅಂತ ಒಂದು ಜನಾಂಗ," ಎಂದ ಒಂದು ಸಂಜೆ. "ಅವರ ಹೆಸರಲ್ಲಿ ನಾಲ್ಕಾರು ಜನ ಕೂತು ಒಪ್ಪಂದಕ್ಕೆ ಸಹಿ ಹಾಕಿದ್ರು. ಉಳಿದವರನ್ನು ಯಾರೂ ಕೇಳ್ಲೇ ಇಲ್ಲ. ಮತ್ತೆ ಸೈನ್ಯ ಬಂತು, ಬಂದೂಕು ತೋರಿಸಿ ಎಲ್ಲರನ್ನೂ ಓಡಿಸಿತು. ದಾರಿಯಲ್ಲೇ ಸಾವಿರಗಟ್ಟಲೆ ಸತ್ತರು."

ದೀಪ್ತಿಯ ಚಹಾ ತಣ್ಣಗಾಗಿತ್ತು. "ಇಷ್ಟು ದಪ್ಪ ಪುಸ್ತಕದಲ್ಲಿ ಯಾರೂ ಪ್ರೀತಿ ಮಾಡ್ಲೇ ಇಲ್ವಾ ಸರ್?"

"ಮಾಡಿರ್ತಾರೆ. ಪರೀಕ್ಷೆಗೆ ಬರುವುದಿಲ್ಲ."

ಅವಳು ಅವನ ಕೈಯನ್ನೇ ನೋಡಿದಳು. ಅವನು ಅವಳು ನೋಡುವುದನ್ನು ನೋಡಿದ. ಇಬ್ಬರೂ ಒಟ್ಟಿಗೆ ಬಿಲ್ ಕೇಳಿದರು.

ಅದೇ ಹೊತ್ತಿಗೆ ಹಿಂದಿನ ಮೇಜಿನಿಂದ ಯಾರೋ ಒಂದು ಫೋಟೋ ತೆಗೆದರು. ಅದು ಊರಿನವರ ವಾಟ್ಸಾಪ್ ಗುಂಪಿಗೆ ಹೋಯಿತು, ಅಲ್ಲಿಂದ ದೇರಾದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿದ್ದ ದೀಪ್ತಿಯ ಅಣ್ಣ ತಿಲಕನ ಫೋನಿಗೆ. ಫೋಟೋದ ಕೆಳಗೆ ಒಂದೇ ಸಾಲು: 'ಹುಡುಗ ಪೊರ್ಬು. ತಂಗಿ ಮೇಲೆ ಕಣ್ಣಿರಲಿ.' ಕೊಂಕಣಿ ಕ್ರಿಶ್ಚಿಯನ್ನರಿಗೆ ತುಳುವರು ಹೇಳುವ ಮಾತು. ಹಾಗೆ ನೋಡಿದರೆ ತಿಲಕನ ಅರ್ಧ ಗೆಳೆಯರು ಪೊರ್ಬುಗಳೇ. ಆದರೆ ಗೆಳೆಯ ಬೇರೆ, ಭಾವ ಬೇರೆ.

ಶುಕ್ರವಾರ ಸಂಜೆ ಕ್ಲೈವ್ ಅವಳನ್ನು ಅಣ್ಣನೊಡನೆ ಅವಳಿದ್ದ ಡಿಸ್ಕವರಿ ಗಾರ್ಡನ್ಸಿನ ಮನೆಗೆ ಬಿಡಲು ಬಂದ. ಮಸೀದಿಯಿಂದ ಮಗ್ರಿಬ್ ಬಾಂಗ್ ಕೇಳಿಸುತ್ತಿತ್ತು. ಕಟ್ಟಡದ ಹಿಂದೆ ಮರಳಿನ ಪಾರ್ಕಿಂಗಿನಲ್ಲಿ ತಿಲಕ ಕಾಯುತ್ತಿದ್ದ. ಕೈಯಲ್ಲಿ ಕಾರಿನ ಚಕ್ರ ಬಿಚ್ಚುವ ವೀಲ್ ಸ್ಪ್ಯಾನರ್.

"ಅಣ್ಣಾ, ಎಂತ ಇದು...?"

ಉತ್ತರ ಬಾಯಿಂದ ಬರಲಿಲ್ಲ. ಸ್ಪ್ಯಾನರ್ ಕ್ಲೈವನ ಪಕ್ಕೆಗೆ ಬಡಿಯಿತು. ಒಣ ಕಡ್ಡಿ ಮುರಿದಂಥ ಸದ್ದು. ಎರಡನೆಯ ಏಟಿಗೆ ಅವನು ಮಂಡಿಯೂರಿದ. ಮೂರನೆಯದು ದವಡೆಗೆ. ರಕ್ತದ ಜೊತೆ ಒಂದು ಹಲ್ಲು ಮರಳಿಗೆ ಬಿತ್ತು.

"ನನ್ನ ತಂಗಿಯೇ ಸಿಕ್ಕಿದ್ದಾ ನಿಂಗೆ? ಹಾಂ?"

ದೀಪ್ತಿ ಅಣ್ಣನ ತೋಳಿಗೆ ಜೋತುಬಿದ್ದು ಕಚ್ಚಿದಳು. ಬಾಯಿಗೆ ಉಪ್ಪುಪ್ಪು ರಕ್ತ ಬರುವವರೆಗೂ ಬಿಡಲಿಲ್ಲ. ತಿಲಕ ಕೊಡವಿದ ರಭಸಕ್ಕೆ ಅವನ ಮೊಣಕೈ ಅವಳ ತುಟಿ ಸೀಳಿತು. ಅವಳ ಫೋನ್ ಯಾರದೋ ಬೂಟಿನ ಕೆಳಗೆ ಪುಡಿಯಾಯಿತು.

ಅವಳ ತುಟಿಯ ರಕ್ತ ಕಂಡದ್ದೇ ತಡ, ಕ್ಲೈವ್ ಎದ್ದ! ಸ್ಪ್ಯಾನರನ್ನು ಕಿತ್ತುಕೊಂಡ. ತಿಲಕ ಬರಿಗೈಯಲ್ಲಿ ನಿಂತಿದ್ದ, ತಲೆ ಎದುರಿಗೇ ಇತ್ತು...

"ಹೊಡಿ!" ಎಂದು ಚೀರಿದಳು ದೀಪ್ತಿ. ಸ್ವಂತ ಅಣ್ಣನಿಗೆ! ಅದು ತನ್ನದೇ ಸ್ವರವೆಂದು ಅವಳಿಗೆ ನಂಬಲಾಗಲಿಲ್ಲ.

ಕ್ಲೈವ್ ಸ್ಪ್ಯಾನರನ್ನು ದೂರಕ್ಕೆ ಎಸೆದು, ಅಲ್ಲೇ ಕುಸಿದ.

ವಾಚ್‌ಮನ್ ಕರೆದ ಪೊಲೀಸರು ಬಂದರು. ತಿಲಕನನ್ನು ಒಯ್ದರು. ಆಂಬುಲೆನ್ಸ್ ಕ್ಲೈವನನ್ನು ಒಯ್ಯಿತು. ಮರುದಿನ ಆಸ್ಪತ್ರೆಯಲ್ಲಿ 'ಮನೆಯವರಿಗೆ ಮಾತ್ರ' ಎಂದು ದೀಪ್ತಿಯನ್ನು ಬಾಗಿಲಿನಿಂದಲೇ ಕಳಿಸಿದರು. ನಾನು ಯಾರು ಅವನಿಗೆ? ಯಾರೂ ಅಲ್ಲ... ಅವಳು ಮನೆಗೆ ಬಂದು ಅಣ್ಣನ ಊಟದ ತಟ್ಟೆಯನ್ನು ಗೋಡೆಗೆ ಬಡಿದು ಒಡೆದಳು.

ಅದರ ಮರುದಿನ ಮಧ್ಯಾಹ್ನ ಬಂದವರು ಸರ್ವೋತ್ತಮಣ್ಣ. ಊರವರ ಸಂಘದ ಹಿರಿಯರು. ಈ ದೇಶದಲ್ಲಿ ಉಡುಪಿಯವರ ಯಾವ ಜಗಳವೂ ಅವರ ಕೈಗೆ ಸಿಗದೆ ಮುಗಿದದ್ದಿಲ್ಲ. ಮುಗಿದಿದ್ದರೆ ಅವರಿಗೆ ಬೇಸರವಾಗುತ್ತಿತ್ತು.

"ಖಲಾಸ್, ಮಗಾ! ಎಲ್ಲ ಸೆಟ್ಲ್ ಆಯ್ತು," ಸೋಫಾ ತುಂಬ ಕುಳಿತರು. "ಪೆಟ್ಟು ತಿಂದವನು ಪೊಲೀಸರಿಗೆ ತನಾಜುಲ್ ಕೊಡಬೇಕು. ಅಂದ್ರೆ ದೂರು ಬಿಟ್ಟಿದ್ದೇನೆ ಅಂತ. ಇಲ್ಲದಿದ್ರೆ ತಿಲಕ ಜೈಲು, ಮತ್ತೆ ಸೀದಾ ಊರಿಗೆ. ಇವತ್ತು ಬೆಳಿಗ್ಗೆ ನಾವು ನಾಲ್ಕು ಜನ ಅವನ ಮನೆಯವರು ಅಂತ ಹೇಳಿ, ಹಣ್ಣು ತಗೊಂಡು ಆಸ್ಪತ್ರೆಗೆ ಹೋದೆವು."

"ಮತ್ತೆ?"

"ನೀನು ತನಾಜುಲ್ ಕೊಡು, ಹುಡುಗಿಯನ್ನು ನಾವು ಕೊಡ್ತೇವೆ ಅಂದೆವು. ನಿನ್ನ ಅಮ್ಮನಿಗೂ ಫೋನ್ ಮಾಡಿ ಒಪ್ಪಿಸಿದ್ದೇನೆ. ಹುಡುಗನೂ ಒಪ್ಪಿದ!"

ದೀಪ್ತಿ ಕೂತಲ್ಲಿಂದ ಎದ್ದಳು.

ಒಪ್ಪಿದನೇ...? ಅಣ್ಣನ ಬಿಡುಗಡೆಗೆ ಬದಲಾಗಿ ನಾನು? ಚೆರೋಕೀಗಳ ಕಥೆ ಹೇಳಿದ ಅದೇ ಬಾಯಿ?

"ನನ್ನನ್ನು ಯಾರು ಕೇಳಿದ್ದು ಸರ್ವೋತ್ತಮಣ್ಣ?"

"ನೀನು ಬೇಡ ಅಂತೀಯಾ ಎಂತ? ನಿಂಗೆ ಬೇಕಾದದ್ದನ್ನೇ ಕೊಡಿಸಿದ್ದಲ್ವಾ!"

ಅದೇ ಅಲ್ಲವೇ ಸಂಕಟ! ಬೇಕಾದದ್ದೇ. ಪ್ರಾಣಕ್ಕಿಂತ ಹೆಚ್ಚು ಬೇಕಾದದ್ದು. ಅದಕ್ಕೇ ಅವಳಿಗೆ ಕೊಲ್ಲುವಷ್ಟು ಸಿಟ್ಟು ಬಂದಿತ್ತು. ಹೀಗೆ ಬಂದವನ ಜೊತೆ ಒಂದು ದಿನವೂ ಬಾಳಲಾರೆ, ಮುಖದ ಮೇಲೆ ಹೇಳಿ ಬರುತ್ತೇನೆ ಎಂದು ಟ್ಯಾಕ್ಸಿ ಹತ್ತಿದಳು.

ಈ ಸಲ ಆಸ್ಪತ್ರೆಯವರು ಯಾರೆಂದು ಕೇಳಿದಾಗ, "ಅವನನ್ನು ಬಯ್ಯಲು ಬಂದವಳು," ಎಂದಳು. ನರ್ಸ್ ಹೆಂಡತಿಯೆಂದು ತಿಳಿದು ಒಳಗೆ ಬಿಟ್ಟಳು.

ಬಾಗಿಲು ತಳ್ಳಿದವಳು ಅಲ್ಲೇ ನಿಂತಳು.

ಕ್ಲೈವ್ ಮಂಚದ ಮೇಲಿದ್ದ. ಮುಖ ನೀಲಿ, ಕುತ್ತಿಗೆಗೆ ಪಟ್ಟಿ. ಅವನ ಪಕ್ಕದ ಕುರ್ಚಿಯಲ್ಲಿ ಕುಳಿತು ಅವನ ಬಾಯಿಗೆ ಚಮಚದಲ್ಲಿ ಗಂಜಿ ಹಿಡಿದಿದ್ದವನು... ತಿಲಕ!

"ಅಣ್ಣಾ?! ನೀನು ಹೊರಗೆ ಹೇಗೆ?"

"ಬೆಳಿಗ್ಗೆಯೇ ಬಿಟ್ರು." ತಿಲಕ ಅವಳ ತುಟಿ ನೋಡಿ ತಲೆ ತಗ್ಗಿಸಿದ. "ನಿನ್ನ ಮುಖ ನೋಡ್ಲಿಕ್ಕೆ ಧೈರ್ಯ ಇರ್ಲಿಲ್ಲ. ದೇರಾದಲ್ಲಿ ಗೆಳೆಯ ಅಪ್ಪಿಯ ರೂಮಿಗೆ ಹೋಗಿ ಕೂತಿದ್ದೆ, ಮತ್ತೆ ತಪ್ಪಾಯ್ತು ಹೇಳ್ಲಿಕ್ಕೆ ಇಲ್ಲಿಗೆ ಬಂದೆ. ಇವನು ನಿನ್ನೆಯೇ ಪೊಲೀಸರಿಗೆ ತನಾಜುಲ್ ಕೊಟ್ಟಿದ್ದಾನೆ. ಯಾರೂ ಕೇಳುವ ಮೊದಲೇ."

"ಸರ್ವೋತ್ತಮಣ್ಣ ಬಂದದ್ದು ಇವತ್ತಲ್ವಾ...?"

"ಅವರು ಬಿಡಿಸ್ಲಿಕ್ಕೆ ಹೊರಟ ಮನುಷ್ಯ ಆಗ ಅಪ್ಪಿಯ ರೂಮಲ್ಲಿ ಚಹಾ ಕುಡೀತಿದ್ದ," ಎಂದ ತಿಲಕ.

ದೀಪ್ತಿ ಅಣ್ಣನ ಕೆನ್ನೆಗೆ ಸಿಡಿಯುವಂತೆ ಒಂದು ಬಾರಿಸಿದಳು. ಅವನು ಅದನ್ನು ಸಲ್ಲಬೇಕಾದದ್ದೇ ಎಂಬಂತೆ ತೆಗೆದುಕೊಂಡು, ಚಮಚ ಕೆಳಗಿಟ್ಟ.

ಆಮೇಲೆ ಕ್ಲೈವನ ಕಡೆ ತಿರುಗಿದಳು. "ನೀವು ಒಪ್ಪಿದ್ರಿ ಅಂದ್ರು ಅವರು!"

"ಆಗಷ್ಟೇ ಬಾಯಿಗೆ ಹೊಲಿಗೆ ಹಾಕಿ ಮರಗಟ್ಟಿತ್ತು," ಕ್ಲೈವ್ ಕಷ್ಟಪಟ್ಟು ಮಾತನಾಡಿದ. "ಕುತ್ತಿಗೆ ತಿರುಗುವುದಿಲ್ಲ. ಬೇಡ ಬೇಡ ಅಂತ ಕೈ ಆಡಿಸಿದೆ. ಅವರು ಟಾಟಾ ಅಂತ ತಿಳ್ಕೊಂಡು ಎದ್ದು ಹೋದ್ರು."

ತಿಲಕನಿಗೆ ನಗು ತಡೆಯಲಾಗಲಿಲ್ಲ. ಕ್ಲೈವನಿಗೂ. ಮುರಿದ ಪಕ್ಕೆಲುಬಿಗೆ ನಗು ಒದ್ದ ಹಾಗಾಗಿ ಕಣ್ಣಲ್ಲಿ ನೀರು ಬಂತು.

ದೀಪ್ತಿ ನಗಲಿಲ್ಲ. "ಬೇಡ ಅಂದ್ರಿ... ಅಂದ್ರೆ ನಾನು ಬೇಡ್ವಾ?"

ತಿಲಕ ಗಂಜಿಯ ಪಾತ್ರೆ ಎತ್ತಿಕೊಂಡು, "ಇದಕ್ಕೆ ಉಪ್ಪು ಕಮ್ಮಿ," ಎಂದು ಹೊರಗೆ ನಡೆದ.

"ಅವರು ಕೊಡುವುದು ಬೇಡ," ಎಂದ ಕ್ಲೈವ್. "ನಿನ್ನನ್ನು ಕೊಡ್ಲಿಕ್ಕೆ ಅವರು ಯಾರು ದೀಪ್ತಿ? ಅಣ್ಣನನ್ನು ಬಿಡಿಸಿದವ ಅಂತ ಋಣಕ್ಕೆ ಬಿದ್ದು ನೀನು ನನ್ನ ಜೊತೆ ಬಂದ್ರೆ, ಅದು ನಾನು ಗೆದ್ದ ಹಾಗಾ? ಅದಕ್ಕೇ ತನಾಜುಲ್ ಮೊದಲೇ ಕೊಟ್ಟೆ. ಇನ್ನು ನಿನಗೆ ಹೆದರಿಕೆ ಇಲ್ಲ. ಇಷ್ಟ ಇಲ್ಲದಿದ್ರೆ ಈಗ ಎದ್ದು ಹೋಗಬಹುದು."

"ಹೊಡಿ ಅಂತ ನಾನೇ ಕೂಗಿದೆ. ಆದ್ರೂ ನೀವು ಹೊಡೀಲಿಲ್ಲ."

"ನಾಳೆ ನೀನು ಅಳ್ತಿದ್ದಿ."

ಅವಳು ಈಗಲೇ ಅತ್ತಳು. ಮೂಗು, ಕಣ್ಣು, ಸೀಳಿದ ತುಟಿ ಎಲ್ಲ ಉರಿಯುವಂತೆ ಅತ್ತಳು. ಅವನ ಕೈ ಹಾಸಿಗೆಯ ಮೇಲೆ ಹುಡುಕುತ್ತಾ ಬಂದು ಅವಳ ಬೆರಳು ಹಿಡಿಯಿತು.

"ಹಾಗಾದ್ರೆ ನನ್ನನ್ನು ಕೇಳಿ," ಎಂದಳು ಕೊನೆಗೆ. "ಅಮ್ಮನನ್ನಲ್ಲ, ಸಂಘದವರನ್ನಲ್ಲ. ನನ್ನನ್ನು."

"ದೀಪ್ತಿ... ನನ್ನನ್ನು ಮದುವೆ ಆಗ್ತೀಯಾ?"

"ಯೋಚನೆ ಮಾಡಿ ಹೇಳ್ತೇನೆ."

ಅವನ ನೀಲಿ ಮುಖ ಇನ್ನಷ್ಟು ನೀಲಿಯಾಯಿತು. "ತುಂಬಾ ದಿನ ಬೇಕಾ?"

"ಸ್ವಲ್ಪ ಆಚೆ ಸರಿ. ನಿಂತು ನಿಂತು ಕಾಲು ನೋಯ್ತದೆ."

ಅವನು ಹಲ್ಲು ಕಚ್ಚಿ ಸರಿದ. ಅವಳು ಮಂಚದ ಅಂಚಿನಲ್ಲಿ, ಅವನ ಭುಜಕ್ಕೆ ನೋವಾಗದಂತೆ ಒರಗಿ ಕುಳಿತಳು.

"ಯೋಚನೆ ಆಯ್ತು," ಎಂದಳು.

"ಮತ್ತೆ?"

"ಹೂಂ."