ಚಾಮಯ್ಯನ ತಕರಾರು

"ಅರ್ಜೀಲಿ ಗಲಾಟೆ ಅಂತ ಬರ್ಸಿದ್ದು ಸುಳ್ಳು ಕಣವ್ವ," ಎಂದ ಚಾಮಯ್ಯ. "ದಿಟ ಬರ್ದಿದ್ರೆ ಪುರಸಭೇಲಿ ನಗ್ತಿದ್ರು."

ನಂಜನಗೂಡು ಪುರಸಭೆಯ ಮೆಟ್ಟಿಲ ಮೇಲೆ ನಿಂತಿದ್ದ ಹರಿಪ್ರಿಯಾಳ ಕೈಯಲ್ಲಿ ಸೀಲಿನ ಮಸಿ ಆರದ ಅನುಮತಿ ಪತ್ರವಿತ್ತು. 2004ರ ಏಪ್ರಿಲ್. ಗಂಡ ಸುಪ್ರೀತನಿಗೆ ಇಲ್ಲಿನ ಕಾರ್ಖಾನೆಗೆ ವರ್ಗವಾಗಿ ಅವರು ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು. ರೈಲು ಹಳಿಯಾಚೆಯ ಬಡಾವಣೆಯಲ್ಲಿ ಹಿಡಿದ ಬಾಡಿಗೆ ಮನೆಯಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಬೇಬಿ ಸಿಟ್ಟಿಂಗ್ ಶುರುಮಾಡಬೇಕೆಂದು ಅವಳು ಹೊರಟರೆ, ಎದುರು ಮನೆಯ ಈ ಮುದುಕ ತಕರಾರು ಅರ್ಜಿ ಹಾಕಿದ್ದ. ಮಕ್ಕಳ ಗಲಾಟೆ, ಬೀದಿ ತುಂಬ ಆಟೋ, ವಾಸದ ಮನೆಗಳ ನಡುವೆ ಇಂಥದ್ದು ಕೂಡದು ಎಂದು. ಇವತ್ತಿನ ವಿಚಾರಣೆಯಲ್ಲಿ ಹರಿಪ್ರಿಯಾ ಒಂದೊಂದಕ್ಕೂ ಪಟಪಟನೆ ಉತ್ತರ ಕೊಟ್ಟಿದ್ದಳು. ಅಕ್ಕಪಕ್ಕದ ಆರು ಮನೆಯವರ ಒಪ್ಪಿಗೆ ಸಹಿ ತೋರಿಸಿದ್ದಳು. ಒಂಬತ್ತರಿಂದ ಐದು ಗಂಟೆ, ಎಂಟು ಮಕ್ಕಳು ಮೀರಬಾರದು ಎಂಬ ಷರತ್ತಿನ ಮೇಲೆ ಗೆದ್ದಿದ್ದಳು.

"ದಿಟ ಏನು ಯಜಮಾನ್ರೇ, ಹೇಳಿ ಹಾಗಾದ್ರೆ."

ಮುದುಕ ಅತ್ತಿತ್ತ ನೋಡಿ ದನಿ ತಗ್ಗಿಸಿದ. ಅವಳು ಬಾಡಿಗೆಗೆ ಹಿಡಿದ ಆ ಮನೆ ಮೊದಲು ಅವನದೇ, ಆಮೇಲೆ ಮಾರಿದ್ದ. ಆರು ವರ್ಷದ ಹಿಂದೆ ಅವನ ಮಗಳ ಕೂಸು, ಮೂರು ವರ್ಷದ ಶ್ವೇತ, ಹಿತ್ತಿಲ ನೀರಿನ ಸಂಪಿನೊಳಗೆ ಬಿದ್ದು ಸತ್ತಿತು. ಮಗಳ ಗೋಳು ನೋಡಲಾರದೆ ಅವನ ಹೆಂಡತಿ ಪುಟ್ಟಗೌರಮ್ಮ ನರಸೀಪುರದ ಕಡೆಯಿಂದ ಮರಿಯಯ್ಯನೆಂಬ ಮಾಟಗಾರನನ್ನು ಕರೆಸಿದಳು. ಕೂಸು ಮನೆ ಬಿಟ್ಟು ಹೋಗದ ಹಾಗೆ ಅವನು ಹೊಸ್ತಿಲಡಿಯಲ್ಲಿ ತಾಮ್ರದ ತಗಡು ಹೂತು ಕಟ್ಟು ಹಾಕಿದ.

"ಕೂಸು ಓಗ್ಲಿಲ್ಲ ಕಣವ್ವ. ಅಳ್ತಾನೇ ಇತ್ತು. ನನ್ ಮಗ್ಳು ಅದ್ನ ಎತ್ಕೊಂಡು, ಅಳ್ಬ್ಯಾಡ ನಾನಿವ್ನಿ ಅಂದ್ಬುಟ್ಳು. ಅವತ್ತಿಂದ ಅವ್ಳು ಒಸ್ಲು ದಾಟ್ಲಿಲ್ಲ. ಎಲ್ಡು ವರ್ಸ. ಎಣವಾಗೇ ದಾಟಿದ್ದು."

"ಆ ತಗಡು ಅಗೆದು ತೆಗೆಸಬಹುದಿತ್ತಲ್ಲ?"

"ಅಗ್ದೊ. ಇರ್ಲಿಲ್ಲ. ಕಟ್ಟಿದೋನೂ ಸತ್ತೋದ, ಇನ್ನು ಬಿಚ್ಚೋರ್ಯಾರು?" ಅವನು ಕೈ ಮುಗಿದ. "ಅಳೋ ಮಗಾನ ಮಕ ನೋಡ್ದೆ ಎತ್ಕೋಬ್ಯಾಡ. ಅಷ್ಟು ಮಾಡವ್ವ."

ಹರಿಪ್ರಿಯಾಗೆ ನಗು ತಡೆಯಲಾಗಲಿಲ್ಲ. "ಗಲಾಟೆ ಅಂದಿದ್ದೇ ವಾಸಿ ಯಜಮಾನ್ರೇ. ಅದನ್ನಾದ್ರೂ ನಂಬಬಹುದಿತ್ತು."

ಎರಡು ವಾರ ಎಲ್ಲ ಸಲೀಸಾಗಿ ನಡೆಯಿತು. ಊರವರ ಮಕ್ಕಳು ಏಳು, ಎಂಟನೆಯದು ಅವಳದೇ, ನಾಲ್ಕು ವರ್ಷದ ನಯನ. ಮಧ್ಯಾಹ್ನ ಮೊಸರನ್ನ ತಿನ್ನಿಸಿ, ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿಸಿದರೆ ನಾಲ್ಕರವರೆಗೆ ಉಸಿರಿನ ಸದ್ದು ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಆ ಗುರುವಾರ ಮೂರು ಗಂಟೆಗೇ ಮೋಡ ಕವಿದು ಗುಡುಗತೊಡಗಿತು. ಕರೆಂಟು ಹೋಯಿತು. ಗಾಳಿಗೆ ಧೂಳು ನುಗ್ಗೀತೆಂದು ಕಿಟಕಿ ಮುಚ್ಚಿ ಬಂದಳು. ನಡುಮನೆ ಹಂಡೆಯೊಳಗಿನಂತೆ ಕಪ್ಪಾಯಿತು. ಹಿತ್ತಿಲಲ್ಲಿ ಸಂಪಿನ ತಗಡಿನ ಮುಚ್ಚಳ ಒಮ್ಮೆ ಢಣ್ ಎಂದಿತು. ಆಮೇಲೆ ಪಾಚಿಯ ವಾಸನೆ, ಬಹಳ ದಿನ ಮುಚ್ಚಿಟ್ಟ ನೀರಿನ ವಾಸನೆ, ಅದರೊಳಗೆ ಬೆರೆತ ಹರಳೆಣ್ಣೆ ಹಚ್ಚಿದ ತಲೆಯ ವಾಸನೆ.

ಚಾಪೆಯ ಕಡೆಯಿಂದ ಅಳು ಕೇಳಿಸಿತು. ಜೋರಾಗಿ ಅಲ್ಲ. ಅತ್ತು ಅತ್ತು ಸುಸ್ತಾದ ಮಗು ಬಿಕ್ಕುವ ಹಾಗೆ.

ನಯನಳೇ ಇರಬೇಕು, ಗುಡುಗಿಗೆ ಹೆದರಿದ್ದಾಳೆ. ಕತ್ತಲಲ್ಲೇ ತಡವಿ, ಬಗ್ಗಿ, ಎತ್ತಿಕೊಂಡಳು. ಪುಟ್ಟ ಕೈಗಳೆರಡು ಕತ್ತಿಗೆ ಸುತ್ತಿಕೊಂಡವು.

"ಅಳಬೇಡ ಪುಟ್ಟ. ನಾನಿದ್ದೀನಿ."

ಅಳು ಥಟ್ಟನೆ ನಿಂತಿತು. ಅವಳ ಭುಜ ಒದ್ದೆಯಾಗತೊಡಗಿತು. ಕಣ್ಣೀರಿರಬೇಕು. ಆದರೆ ಕಣ್ಣೀರು ಇಷ್ಟು ತಣ್ಣಗಿರುತ್ತದೆಯೆ? ಸೀರೆ ನೆನೆದು ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಿಂಚಿತು. ಚಾಪೆಗಳ ಮೇಲೆ ಎಂಟು ಮಕ್ಕಳು ಮಲಗಿದ್ದರು. ಗೋಡೆಯ ಪಕ್ಕದಲ್ಲಿ, ಬಾಯಿಗೆ ಹೆಬ್ಬೆರಳಿಟ್ಟು, ನಯನ.

ಹರಿಪ್ರಿಯಾ ತೋಳಿನಲ್ಲಿದ್ದುದನ್ನು ಕೊಡವಿದಳು. ಬೀಳಲಿಲ್ಲ. ಓಡಿದಳು. ಬಾಗಿಲು ಎಳೆದಳು. ತೆರೆಯಿತು. ಎದುರಿಗೇ ಅಂಗಳ, ಮಳೆ, ಬೀದಿ. ಒಂದೇ ಹೆಜ್ಜೆ. ಕಾಲು ಎತ್ತಿದಳು. ಹೊಸ್ತಿಲ ಆಚೆ ಮುಖ ಹೋಯಿತು. ಉಸಿರು ಎಳೆದಳು. ಗಾಳಿ ಬರಲಿಲ್ಲ. ನೀರು ಬಂತು. ಮೂಗಿಗೆ, ಬಾಯಿಗೆ, ಎದೆಗೆ. ಕಣ್ಣು ಕತ್ತಲಿಟ್ಟು ಹಿಂದಕ್ಕೆ ಬಿದ್ದಳು. ಕೆಮ್ಮಿದಳು. ನೆಲದ ಮೇಲೆ ಹಸಿರು ನೀರು ಕಾರಿದಳು. ಹೊಸ್ತಿಲೊಳಗೆ ಉಸಿರು ಸರಾಗವಾಗಿ ಬಂತು.

ಎದುರು ಮನೆಯಿಂದ ಚಾಮಯ್ಯ ಮಳೆಯಲ್ಲೇ ಓಡಿಬಂದ. ಗೇಟಿನ ಹತ್ತಿರ ನಿಂತ. ಅವಳ ಮುಖ ನೋಡಿದವನೇ ಹಣೆ ಚಚ್ಚಿಕೊಂಡ.

"ಮಕ್ಳ್ನ ಈಚೆ ಕಳ್ಸವ್ವ. ಮೊದ್ಲು ಮಕ್ಳ್ನ."

ನಿದ್ದೆಗಣ್ಣಿನ ಮಕ್ಕಳನ್ನು ಅವಳು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಹೊಸ್ತಿಲು ದಾಟಿಸಿದಳು. ಅವರಿಗೆ ಏನೂ ಆಗಲಿಲ್ಲ. ನಗುತ್ತ, ಆಕಳಿಸುತ್ತ ದಾಟಿದರು. ಕೊನೆಗೆ ನಯನ ದಾಟಿ, ತಿರುಗಿ ನಿಂತು ಕೈ ಚಾಚಿದಳು. "ಅಮ್ಮ, ನೀನೂ ಬಾ."

ಹರಿಪ್ರಿಯಾಳ ಕತ್ತಿನಿಂದ ಒಂದು ತಣ್ಣನೆಯ ಕೈ ಸಡಿಲವಾಯಿತು. ನಯನಳ ಕಡೆಗೆ ಚಾಚಿಕೊಂಡಿತು.

ಅವಳು ಮಗಳನ್ನು ಎರಡೂ ಕೈಯಿಂದ ತಳ್ಳಿದಳು. ನಯನ ಅಂಗಳದ ಕೆಸರಿಗೆ ಬಿದ್ದು ಅತ್ತಳು. ಅಮ್ಮ ಯಾವತ್ತೂ ತಳ್ಳಿದವಳಲ್ಲ.

ಐದು ಗಂಟೆಗೆ ತಾಯಂದಿರು ಚಾಮಯ್ಯನ ಜಗಲಿಗೆ ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಆರಕ್ಕೆ ಸುಪ್ರೀತ ಬಂದ. ಮೊದಲು ಬೈದ, ಆಮೇಲೆ ಅವಳ ಸೊಂಟ ಹಿಡಿದು ಹೊರಗೆ ಎಳೆದ. ಮೂರು ಸಲ. ಮೂರನೆಯ ಸಲ ಅವಳ ತುಟಿ ನೀಲಿಯಾಗಿ ಕಣ್ಣಾಲಿ ಮೇಲಕ್ಕೆ ಸಿಕ್ಕಿಕೊಂಡಾಗ ಹೆದರಿ ಒಳಗೆ ದೂಡಿ, ಗೋಡೆಗೆ ಒರಗಿ ಅಳತೊಡಗಿದ.

"ನಯನನ ಈಗಲೇ ಮೈಸೂರಿಗೆ ನಿಮ್ಮಮ್ಮನ ಹತ್ತಿರ ಕರ್ಕೊಂಡು ಹೋಗಿ," ಎಂದಳು ಹರಿಪ್ರಿಯಾ.

"ನಿನ್ನ ಬಿಟ್ಟು ಹೇಗೆ ಹೋಗ್ಲಿ?"

"ಇದಕ್ಕೆ ಆಡೋಕೆ ಜೊತೆ ಬೇಕಂತೆ ರೀ. ಕಿವಿಯಲ್ಲಿ ಹೇಳ್ತಾನೇ ಇದೆ. ಅವಳು ಈ ಮನೆಯೊಳಗೆ ಕಾಲಿಡಬಾರದು. ಎಷ್ಟು ಅತ್ತರೂ ಕರ್ಕೊಂಡು ಬರಬೇಡಿ."

ಗೇಟಿನಲ್ಲಿ ಚಾಮಯ್ಯನ ಹೆಗಲ ಮೇಲಿದ್ದ ನಯನ ಅಮ್ಮನನ್ನು ಕೂಗುತ್ತಲೇ ಇದ್ದಳು. ಹರಿಪ್ರಿಯಾ ಅವಳ ಕೆಸರಾದ ಮುಖವನ್ನು ಒಮ್ಮೆ ಕಣ್ತುಂಬ ನೋಡಿದಳು. ಗಂಡನನ್ನು ಹೊರಗೆ ಕಳಿಸಿ, ತಾನೇ ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದಳು. ಮುದುಕನ ಹೆಗಲಿಂದ ಜಾರಿ ಓಡಿಬಂದ ನಯನಳ ಪುಟ್ಟ ಮುಷ್ಟಿಗಳು ಹೊರಗಿನಿಂದ ಬಾಗಿಲು ಬಡಿದವು. ಆಮೇಲೆ ಸುಪ್ರೀತ ಅವಳನ್ನು ಎತ್ತಿಕೊಂಡು ಹೋದ ಹಾಗೆ ಅವಳ ಕೂಗೂ ದೂರವಾಯಿತು.

ಅವಳು ಬರಿ ಚಾಪೆಗಳ ನಡುವೆ ಕುಳಿತಳು. ತೊಡೆಯ ಮೇಲೆ ಒದ್ದೆ ಭಾರವೊಂದು ಮುದುರಿ ಮಲಗಿತು. ಮತ್ತೆ ಬಿಕ್ಕಲು ಶುರುಮಾಡಿತು. ಹರಿಪ್ರಿಯಾಳ ಕೈ ತಾನಾಗಿ ಮೇಲೆದ್ದು ಮೆಲ್ಲಗೆ ತಟ್ಟತೊಡಗಿತು.