ಬೆನ್ನಿಂದ ತೆರೆಯುವ ಬಾಗಿಲು

ನಾನು ಮಾಡಿದ ಬಾಗಿಲನ್ನು ಒಂದು ಸುತ್ತು ನೋಡಿ ರಮಿತಾ ಹೇಳಿದ ಮೊದಲ ಮಾತು, "ಇದು ಆಗ್ಲಿಕ್ಕಿಲ್ಲ ಅಣ್ಣ."

ಎರಡು ಕಾರಣಕ್ಕೆ ನನಗೆ ಸಿಟ್ಟು ಬಂತು. ಒಂದು, ಬಾಗಿಲು ಚೆನ್ನಾಗಿಯೇ ಇತ್ತು. ಇನ್ನೊಂದು, ಆ 'ಅಣ್ಣ'. ಕಳವಾ ಎಂಬ ನಮ್ಮ ಪೇಟೆಯ ಗ್ಯಾರೇಜುಗಳ ಸಾಲಿನಲ್ಲಿ ವೆಲ್ಡಿಂಗ್ ಮಾಡುವವರೆಲ್ಲ ಊರಿಗೇ ಅಣ್ಣಂದಿರು, ಅದು ಗೊತ್ತಿದ್ದದ್ದೇ. ಆದರೂ ಇವಳ ಬಾಯಿಂದ ಅದು ಹಿಡಿಸಲಿಲ್ಲ. ಯಾಕೆ ಹಿಡಿಸಲಿಲ್ಲ ಎಂದು ಯೋಚಿಸುವ ಪುರುಸೊತ್ತು ಆಗ ನನಗಿರಲಿಲ್ಲ.

ಬಸ್ಸು ಅವಳ ಅಪ್ಪ ದಯಾನಂದಣ್ಣನದು. ಡೊಂಬಿವಲಿಯ ಶಾಲೆಗೆ ಮಕ್ಕಳನ್ನು ಹೊತ್ತು ಹೊತ್ತು ಅದರ ವಯಸ್ಸು ಮುಗಿದಿತ್ತು. ಗುಜರಿಗೆ ಹೋಗಬೇಕಾದದ್ದನ್ನು ರಮಿತಾ ಹಟ ಹಿಡಿದು ಉಳಿಸಿಕೊಂಡಿದ್ದಳು. ಮಹಾಪೆಯ ಒಂದು ಕಂಪನಿಯವರು ಕಂಪೌಂಡಿನೊಳಗೆ ಜಾಗ ಕೊಟ್ಟಿದ್ದರು. ಬಸ್ಸನ್ನು ಅಲ್ಲಿ ನಿಲ್ಲಿಸಿ ಇಡ್ಲಿ, ವಡೆ, ನೀರುದೋಸೆಯ ಕ್ಯಾಂಟೀನ್ ಮಾಡುವುದು ಅವಳ ಯೋಚನೆ. ದೊಡ್ಡ ಅಡುಗೆಯೆಲ್ಲ ಕೋಪರಿಯ ಸೋದರಮಾವನ ಹೋಟೆಲಿನಲ್ಲಿ ಆಗಿ ಟೆಂಪೋದಲ್ಲಿ ಬರುತ್ತದೆ. ಬಸ್ಸಿನಲ್ಲಿ ದೋಸೆ ಎರೆದು ಬಡಿಸಿದರಾಯಿತು. ಸೀಟು ಕಿತ್ತು, ಬಲಬದಿಯ ಕಿಟಕಿ ಕತ್ತರಿಸಿ ನಾನೇ ಕೌಂಟರ್ ಮಾಡಿ ಕೊಟ್ಟಿದ್ದೆ. ಉಳಿದದ್ದು ಬಾಗಿಲು ಮಾತ್ರ.

ಶಾಲೆಯ ಬಸ್ಸಿನ ಮಡಚುವ ಬಾಗಿಲನ್ನು ನೀವು ನೋಡಿಯೇ ಇರುತ್ತೀರಿ. ಡ್ರೈವರ್ ಕೂತಲ್ಲಿಂದಲೇ ಸರಳು ಎಳೆದರೆ ಎರಡೂ ಹಲಗೆ ಮಡಚಿಕೊಂಡು ಬದಿಗೆ ಸರಿಯುತ್ತವೆ. ಮಕ್ಕಳಿಗೆ ಅದು ಒಳ್ಳೆಯದೇ. ಅಡುಗೆಮನೆಗೆ ಮಾತ್ರ ಅದು ಹೇಳಿ ಮಾಡಿಸಿದ್ದಲ್ಲ. ನಡುವಿನ ಸಂದಿಯಲ್ಲಿ ಧೂಳು ಬರುತ್ತದೆ, ಅಡಿಯ ಸಂದಿಯಲ್ಲಿ ಇಲಿ ಬರುತ್ತದೆ, ಹೊರಗಿನಿಂದ ಬೀಗ ಹಾಕಲು ಜಾಗವೇ ಇಲ್ಲ. ಅದನ್ನು ಕಿತ್ತು ಒಂದೇ ಹಲಗೆಯ ಬಾಗಿಲು ಮಾಡಿ ಎಂದು ಅವಳೇ ಫೋನಿನಲ್ಲಿ ಹೇಳಿದ್ದಳು. ಮಾಡಿದ್ದೆ. ಹೊರಗೆ ತೆರೆಯುವ ಬಾಗಿಲು, ಕೀಲು ಮುಂದಿನ ಬದಿಗೆ, ಒಳ್ಳೆಯ ಹಿಡಿ, ಒಳ್ಳೆಯ ಬೀಗ.

"ಎಂತ ಆಗ್ಲಿಕ್ಕಿಲ್ಲ?" ಎಂದೆ.

ಅವಳು ಮೂಲೆಯಲ್ಲಿದ್ದ ಪೈಂಟಿನ ಖಾಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಮುಂದೆ ನಿಂತಳು.

"ಇದು ಸಾಂಬಾರು. ಕುದೀತಾ ಉಂಟು. ಈಗ ನೀವೇ ಹೇಳಿ, ಬಾಗಿಲು ಯಾವ ಕೈಯಲ್ಲಿ ತೆರೀಲಿ?"

"ಪಾತ್ರೆ ಒಮ್ಮೆ ಕೆಳಗಿಡಿ."

"ನೆಲದ ಮೇಲೆ? ತಿನ್ನುವವರ ಎದುರಿಗೆ?"

ನಾನು ಬಸ್ಸಿನವನು. ಬಸ್ಸು ಹತ್ತುವ ಮಕ್ಕಳ ಚೀಲ ಬೆನ್ನ ಮೇಲಿರುತ್ತದೆ, ಕೈ ಖಾಲಿ ಇರುತ್ತದೆ. ಕೈ ತುಂಬಿದವರು ಬಾಗಿಲು ಹೇಗೆ ತೆರೆಯುತ್ತಾರೆ ಎಂಬ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ.

"ನಮ್ಮ ಹೋಟೆಲುಗಳಲ್ಲೆಲ್ಲ ಬಾಗಿಲು ಬೆನ್ನಿಂದ ತೆರೆಯುದು. ದೂಡಿದ್ರೆ ಒಳಗೆ ಹೋಗ್ಬೇಕು, ಅಷ್ಟೇ."

"ಒಳಗೆ ಮೆಟ್ಟಿಲು ಉಂಟಲ್ಲ ಮೇಡಂ. ಬಾಗಿಲು ಅದಕ್ಕೆ ಬಡೀತದೆ."

"ಕುಣೀಲಿಕ್ಕೆ ಬಾರದವನಿಗೆ ಅಂಗಳ ಓರೆ ಅಂತೆ," ಎಂದು ಡಬ್ಬಿ ಇಟ್ಟು, ದುಪಟ್ಟಾಕ್ಕೆ ಕೈ ಒರೆಸಿಕೊಂಡು ಸ್ಟೇಷನ್ನಿನ ಕಡೆ ಹೊರಟೇಬಿಟ್ಟಳು.

ಸ್ಟೂಲಿನ ಮೇಲೆ ಕೂತಿದ್ದ ದಯಾನಂದಣ್ಣ ಚಹಾದ ಗ್ಲಾಸಿನೊಳಗೇ ನಕ್ಕರು. "ಬೇಜಾರು ಮಾಡ್ಬೇಡ ಮಾರಾಯ. ಮನೆಯಲ್ಲಿ ನನಗೂ ಇದೇ," ಎಂದರು.

ನಾನು ಸೋಲು ಒಪ್ಪುವವನಲ್ಲ. ಹಿಡಿಯನ್ನು ತೆಗೆದು, ಕಾಲಿನಿಂದ ಒತ್ತಿದರೆ ತೆರೆದುಕೊಳ್ಳುವ ಪೆಡಲ್ ಮಾಡಿದೆ. ಅವಳು ಬಂದು ನೋಡಿದಳು. ಬಿಸಿ ಪಾತ್ರೆ ಹಿಡಿದುಕೊಂಡು ಮಳೆಗಾಲದಲ್ಲಿ ಒಂಟಿಕಾಲಲ್ಲಿ ನಿಲ್ಲುವುದು ಹೇಗೆಂದು ತೋರಿಸಿಕೊಡಿ ಎಂದಳು. ನಾನು ನಿಂತು ತೋರಿಸಿದೆ. ವಾಲಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದರೂ ಕಣ್ಣು ನಗುತ್ತಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಬೆಳಿಗ್ಗೆ ಒಮ್ಮೆ ಕೋಪರಿಗೆ ಬನ್ನಿ," ಎಂದಳು. "ಹೇಳಿದ್ರೆ ಗೊತ್ತಾಗುದಿಲ್ಲ, ನೋಡ್ಬೇಕು."

ಠಾಣೆ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಅವಳ ಮಾವನ ಹೋಟೆಲು. ಬೆಳಗಿನ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅಡುಗೆಮನೆಯ ಬಾಗಿಲಿಗೆ ಎದುರಾಗಿ ಒಂದು ಟೇಬಲ್ಲಿನಲ್ಲಿ ಕೂತೆ. ಬಾಗಿಲಿಗೆ ಹಿಡಿಯಿಲ್ಲ, ಚಿಲಕವಿಲ್ಲ, ಒಳಗೂ ಹೋಗುತ್ತದೆ, ಹೊರಗೂ ಬರುತ್ತದೆ. ಮಾಣಿಗಳು ಎರಡೂ ಕೈ ತುಂಬ ತಟ್ಟೆ ಹಿಡಿದು, "ಬಾಜೂ, ಬಾಜೂ" ಎಂದು ದಾರಿ ಕೇಳುತ್ತ ಬೆನ್ನು ಕೊಟ್ಟು ದೂಡಿ ಹಾಯುತ್ತಿದ್ದರು. ಬೆನ್ನು ತಾಗುವ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು.

ಆಮೇಲೆ ರಮಿತಾ ಬಂದಳು. ಮೊದಲು ಕಂಡದ್ದು ಬೆನ್ನು, ಮೇಲಕ್ಕೆತ್ತಿ ಕ್ಲಿಪ್ ಹಾಕಿದ ಜಡೆ. ಕೈಯಲ್ಲಿ ಇಡ್ಲಿಯ ದೊಡ್ಡ ತಟ್ಟೆ. ತಿರುಗುವಾಗ ನನ್ನನ್ನು ಕಂಡು ನಕ್ಕಳು. ನಗಬೇಕೋ ಬಾರದೋ ಎಂದು ಯೋಚಿಸಲು ಅವಳಿಗೆ ಸಮಯವೇ ಸಿಕ್ಕಿರಲಿಲ್ಲ, ಹಾಗಾಗಿ ಅದು ಪೂರಾ ನಗುವಾಗಿತ್ತು. ಆವಿಗೆ ಮುಖ ಕೆಂಪಾಗಿತ್ತು, ಹಣೆಯಲ್ಲಿ ಬೆವರಿತ್ತು. ಈ ಹುಡುಗಿ ನನಗೆ ಬೇಕು ಎಂದು ಅಲ್ಲೇ, ಚಟ್ನಿಯ ಬಟ್ಟಲಿನ ಮುಂದೆ ಕೂತು ನನಗೆ ತಿಳಿಯಿತು.

ರಶ್ಶು ಇಳಿದ ಮೇಲೆ ಹೋಟೆಲಿನ ಹಳೆಯ ಅಡುಗೆಭಟ್ಟರು ಪುಂಡರೀಕಾಕ್ಷ ಎರಡು ಅರ್ಧ ಗ್ಲಾಸು ಕಟಿಂಗ್ ಚಹಾ ಹಿಡಿದು ನನ್ನೆದುರು ಕೂತರು. ನಾನು ಅವಳನ್ನು ನೋಡಿದ ರೀತಿಯನ್ನು ಅವರು ನೋಡಿದ್ದರು.

"ಬಾಗಿಲು ನೋಡ್ಲಿಕ್ಕೆ ಬಂದದ್ದಂತೆ?"

"ಹೌದು ಭಟ್ರೆ."

"ನೋಡಿ ಆಯ್ತಾದ್ರೆ ಒಂದು ವಿಷಯ ಹೇಳ್ತೇನೆ. ವಾಶಿಯ ಹೋಟೆಲಿನವರ ಹುಡುಗ ವಿಕಾಸ್ ಅಂತ, ಬಂದು ಅವಳನ್ನು ನೋಡಿ ಹೋಗಿದ್ದಾನೆ. ಒಪ್ಪಿದ್ದಾನೆ. ಬಸ್ಸು ಶುರುವಾಗುವ ದಿನದೊಳಗೆ ಹೇಳ್ತೇನೆ ಅಂತ ಇವಳು ಗಡುವು ಕೇಳಿದ್ದಾಳೆ."

"ಹುಡುಗ ಹೇಗೆ?"

"ಒಳ್ಳೆಯವ. ಅದೇ ತಾಪತ್ರಯ. ಮದುವೆ ಆದ್ರೆ ಬಸ್ಸಿಗೆ ಸಂಬಳದ ಜನ ಇಡುವ, ನೀನು ನಮ್ಮ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸ್ತಾ ಆರಾಮ ಕೂರು ಅಂತಾನೆ."

ಚಹಾ ರುಚಿಸಲಿಲ್ಲ. ಹೊರಗೆ ಬಂದು ಹೋಟೆಲಿನ ಮುಂದೆ ನಿಂತಾಗ ಮೆಟ್ಟಿಲು ಕಣ್ಣಿಗೆ ಬಿತ್ತು. ಮೆಟ್ಟಿಲು ಹೊರಗೆ, ಬಾಗಿಲು ಅದರ ಮೇಲೆ. ಲೋಕದ ಎಲ್ಲ ಕಟ್ಟಡಗಳೂ ಹೀಗೆಯೇ ಇವೆ. ಬಸ್ಸಿನಲ್ಲಿ ಮಾತ್ರ ಬಾಗಿಲು ಕೆಳಗೆ, ಮೆಟ್ಟಿಲು ಒಳಗೆ. ಬಾಗಿಲನ್ನು ಹಳೆಯ ಜಾಗದಿಂದ ಕಿತ್ತು ಮೇಲಿನ ಮೆಟ್ಟಿಲ ತುದಿಗೆ, ಬಸ್ಸಿನ ನೆಲದ ಮಟ್ಟಕ್ಕೆ ನಿಲ್ಲಿಸಿದರೆ ಅದು ಯಾವುದಕ್ಕೂ ಬಡಿಯುವುದಿಲ್ಲ. ಇಷ್ಟು ಸಣ್ಣ ಸಂಗತಿ ಹೊಳೆಯದಷ್ಟು ಕಾಲ ನಾನು ಬಸ್ಸುಗಳ ಜೊತೆ ಕಳೆದಿದ್ದೆ.

ಎರಡೂ ಕಡೆ ಆಡುವ ಸ್ಪ್ರಿಂಗ್ ಕೀಲು ತಂದೆ. ಚೌಕಟ್ಟು ನಿಲ್ಲಿಸಿದೆ. ಒಳಗೆ ಅಗುಳಿ, ಹೊರಗೆ ಬೀಗದ ಕೊಂಡಿ, ಅಡಿಗೆ ರಬ್ಬರು ಪಟ್ಟಿ. ರಮಿತಾ ಬಂದು ಡಬ್ಬಿ ಎತ್ತಿಕೊಂಡು ಬೆನ್ನಿಂದ ಒಳಗೆ ಹೋದಳು, ಬೆನ್ನಿಂದ ಹೊರಗೆ ಬಂದಳು, ಮತ್ತೆ ಹೋದಳು. ಮುಖ ಅರಳಿತು.

"ಸುಜನ್," ಎಂದಳು. ಅಣ್ಣ ಎನ್ನಲಿಲ್ಲ. "ಒಂದೇ ಉಂಟು ಬಾಕಿ. ಈಚೆಯಿಂದ ಒಬ್ಬರು, ಆಚೆಯಿಂದ ಒಬ್ಬರು ಬಂದ್ರೆ ಮೂಗಿಗೆ ಹೊಡೀತದೆ. ಆಚೆ ಕಾಣುವ ಹಾಗೆ ಬಾಗಿಲಿಗೆ ಒಂದು ಗ್ಲಾಸ್ ಬೇಕು."

"ನಿಮ್ಮ ಎತ್ತರಕ್ಕಾ, ನನ್ನ ಎತ್ತರಕ್ಕಾ?"

"ಕೆಲಸ ಮಾಡುವವಳು ನಾನು."

"ಹಾಗಾದ್ರೆ ನಿಲ್ಲಿ."

ಬಾಗಿಲಿಗೆ ಮುಖ ಮಾಡಿ ನಿಂತಳು. ಅವಳ ಕಣ್ಣಿನ ಮಟ್ಟಕ್ಕೆ ಚಾಕ್‌ನಿಂದ ಗೆರೆ ಎಳೆಯಬೇಕು. ಪಕ್ಕದಿಂದ ಕೈ ಚಾಚಿದೆ. ಚಾಕ್ ಅವಳ ಹುಬ್ಬಿನ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡಳು.

"ಕಣ್ಣು ಮುಚ್ಚಿದ್ರೆ ಅಳತೆ ಸಿಗುದಿಲ್ಲ."

"ಚಾಕಿನ ಹುಡಿ ಬೀಳ್ತದೆ."

"ಬೀಳದ ಹಾಗೆ ಎಳೀತೇನೆ."

ತೆರೆದಳು. ಬಾಗಿಲನ್ನು ನೋಡಬೇಕಾದವಳು ನನ್ನನ್ನು ನೋಡಿದಳು, ಕೂಡಲೇ ಬಾಗಿಲ ಕಡೆ ತಿರುಗಿದಳು. ಕಿವಿಯ ತುದಿ ಕೆಂಪಾಯಿತು. ನನ್ನ ಗೆರೆ ಸೊಟ್ಟಗಾಯಿತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಸೊಟ್ಟ ಗೆರೆ ಎಳೆದವನಲ್ಲ.

"ಪುಂಡರೀಕಾಕ್ಷ ಭಟ್ರು ನಿಮ್ಗೆ ಎಲ್ಲ ಹೇಳಿದ್ರಂತೆ," ಎಂದಳು, ಬಾಗಿಲನ್ನೇ ನೋಡುತ್ತ.

"ಹೇಳಿದ್ರು."

"ಮತ್ತೆ?"

ಆಗಲೇ ಹೇಳಬೇಕಿತ್ತು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ನನ್ನ ತಗಡಿನ ಶೆಡ್ಡು, ಗ್ರೀಸು ಮೆತ್ತಿದ ನನ್ನ ಕೈ. ಅಲ್ಲಿ ವಾಶಿಯಲ್ಲಿ ಏಸಿ ಹಾಕಿದ ಹೋಟೆಲು.

"ಮತ್ತೆ ಎಂತ? ಹುಡುಗ ಒಳ್ಳೆಯವನಂತೆ," ಎಂದೆ.

ಅವಳು ಪರ್ಸು ಹೆಗಲಿಗೆ ಹಾಕಿಕೊಂಡಳು.

"ಗ್ಲಾಸ್ ಗಟ್ಟಿ ಕೂರಿಸಿ. ಬರ್ತೇನೆ ಅಣ್ಣ."

ಆ 'ಅಣ್ಣ' ಬೇಕೆಂದೇ ಹೇಳಿದ್ದು. ಬಾಗಿಲು ಮುಗಿಯುವವರೆಗೂ ಅದು ನನ್ನ ಕಿವಿಯಲ್ಲಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದರೆ ಜನ ಹಣೆಬರಹವನ್ನು ಬೈಯುತ್ತಾರೆ. ನನಗೆ ಬೈಯಲು ನಾನೇ ಇದ್ದೆ.

ಶುರುವಾಗುವ ದಿನ ದಯಾನಂದಣ್ಣನೇ ಬಸ್ಸನ್ನು ಮಹಾಪೆಗೆ ಓಡಿಸಿಕೊಂಡು ಹೋದರು. ಬೀಗ, ಕೀಲು ಒಮ್ಮೆ ನೋಡಿಕೊಡುತ್ತೇನೆಂದು ನಾನೂ ಹತ್ತಿದೆ. ಅದು ನೆಪವೆಂದು ಅವರಿಗೆ ಗೊತ್ತಿತ್ತೋ ಏನೋ, ದಾರಿಯುದ್ದಕ್ಕೂ ಟ್ರಾಫಿಕ್ಕನ್ನೇ ಬೈದರು. ನಾನು ಮಾತ್ರ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತ ಕೂತಿದ್ದೆ. ಇವತ್ತು ಹೇಳದಿದ್ದರೆ ಅವಳು ವಾಶಿಯ ಗಲ್ಲೆಗೆ ಹೋಗುತ್ತಾಳೆ, ನಾನು ನನ್ನ ಶೆಡ್ಡಿನಲ್ಲಿ ಯಾರದೋ ಬಸ್ಸಿನ ಬಾಗಿಲು ಮಾಡಿಕೊಂಡಿರುತ್ತೇನೆ.

ಕಂಪನಿಯ ಜನ ಆಗಲೇ ಕೌಂಟರಿನ ಮುಂದೆ ಸೇರತೊಡಗಿದ್ದರು. ಕೋಪರಿಯಿಂದ ಟೆಂಪೋ ಬಂತು, ಅದರಲ್ಲಿ ರಮಿತಾ ಕೂಡ. ಸಾಂಬಾರಿನ ಪಾತ್ರೆ ಒಬ್ಬರಿಗೆ ಎತ್ತುವಂಥದ್ದಲ್ಲ. ಟೆಂಪೋದವನು ಅದನ್ನು ಇಳಿಸಿ, "ಸಂಭಾಲ್ ಕೆ" ಎಂದು ಜಾಗ್ರತೆ ಹೇಳಿ ಬೀಡಿ ಹಚ್ಚಲು ಆಚೆ ಹೋದ. ರಮಿತಾ ಪಾತ್ರೆಯ ಒಂದು ಕಿವಿ ಹಿಡಿದಳು. ನಾನು ಇನ್ನೊಂದು ಹಿಡಿದೆ.

ಬಾಗಿಲಿನ ಅಗಲಕ್ಕೆ ಇಬ್ಬರೂ ಜೊತೆಯಾಗಿ ಹೋಗುವಂತಿಲ್ಲ. ಒಬ್ಬರು ಹಿಂದೆ ಹಿಂದೆ ನಡೆಯಬೇಕು.

"ನಾನು ಹಿಂದೆ ನಡೀತೇನೆ," ಎಂದೆ. "ಮೆಟ್ಟಿಲು ನೀವು ಹೇಳಿ."

"ಮೆಟ್ಟಿಲು," ಎಂದಳು. ಕಾಲೆತ್ತಿ ಇಟ್ಟೆ. ನಮ್ಮ ನಡುವೆ ಇಂಗು, ಕೊತ್ತಂಬರಿಯ ಆವಿ.

"ರಮಿತಾ, ಆ ವಾಶಿಯವರಿಗೆ ಬೇಡ ಅಂತ ಹೇಳಿ."

"ಇನ್ನೊಂದು ಮೆಟ್ಟಿಲು. ಯಾಕೆ ಹೇಳ್ಬೇಕು?"

"ನನಗೆ ನೀವು ಬೇಕು, ಅದಕ್ಕೆ. ನನ್ನನ್ನು ಮದುವೆ ಆಗ್ತೀರಾ? ಬಸ್ಸು ನೀವೇ ನಡೆಸಿ. ನನಗೆ ನನ್ನ ಶೆಡ್ಡು ಉಂಟು. ಬೆಳಿಗ್ಗೆ ಪಾತ್ರೆ ಹಿಡೀಲಿಕ್ಕೆ ಬಂದು, ಆಮೇಲೆ ಕೆಲಸಕ್ಕೆ ಹೋಗ್ತೇನೆ."

ಅವಳು ನಿಂತುಬಿಟ್ಟಳು. ನಾನೂ ನಿಂತೆ. ಕೈ ಉರಿಯುತ್ತಿತ್ತು.

"ವಾಶಿಯವರಿಗೆ ನಿನ್ನೆಯೇ ಬೇಡ ಅಂತ ಹೇಳಿ ಆಯ್ತು," ಎಂದಳು.

"ಹೌದಾ?"

"ನಿಮ್ಗೋಸ್ಕರ ಅಂತ ತಿಳ್ಕೊಳ್ಬೇಡಿ. ಬಸ್ಸಿಗೋಸ್ಕರ. ಗಲ್ಲೆಯಲ್ಲಿ ಕೂರ್ಲಿಕ್ಕೆ ನಾನು ಇಷ್ಟೆಲ್ಲ ಮಾಡಿದ್ದಲ್ಲ. ಕಡೇ ಮೆಟ್ಟಿಲು, ನೋಡಿಕೊಂಡು."

ಬೆನ್ನಿಗೆ ಬಾಗಿಲು ತಾಗಿತು. ದೂಡಿದೆ, ಸದ್ದಿಲ್ಲದೆ ತೆರೆಯಿತು. ಪಾತ್ರೆಯನ್ನು ಕಟ್ಟೆಯ ಮೇಲೆ ಇಳಿಸಿದೆವು. ನಾನು ಕೈ ಬಿಟ್ಟರೂ ಅವಳು ಪಾತ್ರೆಯ ಕಿವಿ ಬಿಡದೆ ನಿಂತಿದ್ದಳು.

"ನನ್ನ ಮಾತಿಗೆ?" ಎಂದು ಕೇಳಿದೆ.

"ಚಾಕ್ ಹಿಡಿದು ನಿಂತಾಗ ಕೇಳಿದ್ರೆ ಆವತ್ತೇ ಹೂಂ ಅಂತಿದ್ದೆ. ಒಳ್ಳೆ ಹುಡುಗ ಅಂತೆ, ಅಂದ್ರಿ. ಮನೆಗೆ ಹೋಗಿ ಅತ್ತುಬಿಟ್ಟೆ, ಗೊತ್ತುಂಟಾ ನಿಮ್ಗೆ?"

"ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತಲ್ಲ."

ಕೌಂಟರಿನ ಆಚೆಯಿಂದ ದಯಾನಂದಣ್ಣ ತಲೆ ಹಾಕಿದರು. "ಏ, ಇಲ್ಲಿ ಜನ ನಿಂತಿದ್ದಾರೆ. ಒಳಗೆ ಎಂತ ಮಾತು ನಿಮ್ದು?"

"ಅಪ್ಪಾ, ಇವರಿಗೆ ನಿಮ್ಮ ಹತ್ರ ಒಂದು ವಿಷಯ ಕೇಳ್ಲಿಕ್ಕುಂಟಂತೆ."

ದಯಾನಂದಣ್ಣ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ಸೇರಿದ ಜನರನ್ನು ನೋಡಿದರು. "ಕೇಳ್ಲಿ. ರಶ್ಶು ಇಳೀಲಿ, ಆಮೇಲೆ ಕೇಳ್ಲಿ," ಎಂದು ತಟ್ಟೆ ಜೋಡಿಸತೊಡಗಿದರು.

ರಮಿತಾ ಕಣ್ಣೊರೆಸಿಕೊಂಡು ನನ್ನ ತೋಳು ಹಿಡಿದು ಹೊರಗೆ ಎಳೆದಳು. ಇಡ್ಲಿಯ ದೊಡ್ಡ ಪಾತ್ರೆ ಇನ್ನೂ ಟೆಂಪೋದಲ್ಲೇ ಇತ್ತು. ಇಬ್ಬರೂ ಅದರ ಕಿವಿ ಹಿಡಿದು ಬಸ್ಸಿನ ಬುಡಕ್ಕೆ ಬಂದೆವು. ನಾನು ತಿರುಗಿ ನಿಲ್ಲಲು ಹೋದಾಗ ಅವಳು ಬೇಡವೆಂದು ತಲೆಯಾಡಿಸಿ, ತಾನೇ ಬಾಗಿಲಿಗೆ ಬೆನ್ನು ಮಾಡಿ ನಿಂತಳು.

"ಈ ಸಲ ನಾನು ಹಿಂದೆ ನಡೀತೇನೆ," ಎಂದಳು. "ಮೆಟ್ಟಿಲು ನೀವು ಹೇಳಿ. ಸರಿಯಾಗಿ ಹೇಳ್ಬೇಕು, ನಾನು ತಿರುಗಿ ನೋಡುದಿಲ್ಲ."